ಹಳೆಯ ಐ10: ಫ್ಯೂಯಲ್ ಪಂಪ್ ಕೆಡುವ ಮುನ್ನವೇ ಬದಲಿಸಬೇಕೇ?

2010ರ ಪೆಟ್ರೋಲ್ ಹ್ಯುಂಡೈ ಐ10 ಕಾರು, 1.3 ಲಕ್ಷ ಕಿ.ಮೀ. ಓಡಿದೆ, ಪಂಪ್ ಇನ್ನೂ ಕಂಪನಿ ಫಿಟ್ಟಿಂಗ್‌ದೇ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಹೋಗಿಬರಬೇಕು, ನಡುದಾರಿಯಲ್ಲಿ ಕೈಕೊಟ್ಟರೆ ಏನು ಗತಿ ಎಂದು ಕೇಳಿದ್ದೀರಿ. ಕಿಲೋಮೀಟರ್ ನೋಡಿ ಬದಲಿಸಬೇಡಿ, ಪಂಪ್ ಕೊಡುವ ಪೆಟ್ರೋಲ್ ಪ್ರೆಶರ್ ನೋಡಿ ಬದಲಿಸಿ. ಚೆನ್ನಾಗಿರುವ ಒರಿಜಿನಲ್ ಪಂಪ್ ಕಿತ್ತು ಡೂಪ್ಲಿಕೇಟ್ ಹಾಕಿಸುವುದಕ್ಕಿಂತ ಸುಮ್ಮನಿರುವುದೇ ವಾಸಿ.

ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಈ ಪಂಪ್ ಟ್ಯಾಂಕ್ ಒಳಗೆ ಪೆಟ್ರೋಲ್‌ನಲ್ಲಿ ಮುಳುಗಿಯೇ ಓಡುವ ಪುಟ್ಟ ಮೋಟಾರ್. ಅದನ್ನು ತಂಪಾಗಿಡುವುದೂ ಅದೇ ಪೆಟ್ರೋಲ್. ಸದಾ ರಿಸರ್ವ್‌ನಲ್ಲಿ ಓಡಿಸುವವರ ಪಂಪ್ ಬೇಗ ಸಾಯುವುದು ಇದಕ್ಕೇ. ಹೊರಗಿನಿಂದ ಗ್ಯಾಸ್ ಕಿಟ್ ಹಾಕಿಸಿದ ಕೆಲವು ಕಾರುಗಳಲ್ಲಂತೂ ಗ್ಯಾಸ್‌ನಲ್ಲಿ ಓಡುವಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ. ಟ್ಯಾಂಕ್‌ನಲ್ಲಿ ಎರಡು ಲೀಟರ್ ಮಾತ್ರ ಇದ್ದರೆ ಸುಟ್ಟಂತೆಯೇ. ಉಳಿದಂತೆ ಮೋಟಾರ್‌ಗೆ ಕರೆಂಟ್ ತಲುಪಿಸುವ ಒಳಗಿನ ಬ್ರಷ್ ಸವೆಯುತ್ತದೆ, ಪಂಪ್ ಬಾಯಿಯ ಜಾಲರಿ ಅಂದರೆ ಸ್ಟ್ರೇನರ್‌ನಲ್ಲಿ ಕಸ ಕಟ್ಟುತ್ತದೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. 2010ರ ಕಾರಿನ ರಬ್ಬರ್ ಭಾಗಗಳನ್ನು ಅದಕ್ಕೆಂದು ಮಾಡಿದ್ದಲ್ಲ, ಜೊತೆಗೆ ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿಗೆ ಇದು ಹೆಚ್ಚು ಕಾಟ.

ಪಂಪ್ ಸಾಮಾನ್ಯವಾಗಿ ಸುಳಿವು ಕೊಟ್ಟೇ ಹೋಗುತ್ತದೆ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿದಾಗ ಎಳೆಯದೆ ಜರ್ಕ್ ಹೊಡೆಯುವುದು, ಹಿಂದಿನ ಸೀಟಿನ ಕೆಳಗಿಂದ ಕೊರೆಯುವ ಸದ್ದು, ಬಿಸಿ ಎಂಜಿನ್‌ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುವುದು. ಮೂರನೆಯದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಕೀ ಆನ್ ಮಾಡಿ, ಎರಡು ಸೆಕೆಂಡಿನ ಗುಂಯ್ ಸದ್ದು ಮುಗಿದ ಮೇಲೆ ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಟ್ಟನೆ ಸ್ಟಾರ್ಟ್ ಆದರೆ ನಿಂತ ಕಾರಿನ ಲೈನ್‌ನಲ್ಲಿ, ಅಂದರೆ ಎಂಜಿನ್‌ಗೆ ಹೋಗುವ ಪೆಟ್ರೋಲ್ ಪೈಪ್‌ನಲ್ಲಿ, ಪ್ರೆಶರ್ ಉಳಿಯುತ್ತಿಲ್ಲ ಎಂದರ್ಥ. ಪೆಟ್ರೋಲ್ ಹಿಂದೆ ಬರದಂತೆ ತಡೆಯುವ ಪಂಪ್‌ನ ಚೆಕ್ ವಾಲ್ವ್, ಪ್ರೆಶರ್ ಹದದಲ್ಲಿಡುವ ರೆಗ್ಯುಲೇಟರ್ ಅಥವಾ ಎಂಜಿನ್‌ಗೆ ಪೆಟ್ರೋಲ್ ಚಿಮುಕಿಸುವಲ್ಲಿ ಸೋರುವ ಇಂಜೆಕ್ಟರ್, ಈ ಮೂರರಲ್ಲಿ ಒಂದು.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ರೋಗಕ್ಕೆ ಮಾತ್ರ ಪಂಪ್ ಒಂದನ್ನೇ ದೂರಬೇಡಿ, ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಕೂಡ ಹಾಗೇ ಆಡುತ್ತದೆ.

ಗ್ಯಾರೇಜ್‌ನಲ್ಲಿ ಪ್ರೆಶರ್ ಗೇಜ್ ಹಾಕಿಸಿ ಎಂದು ಬಾಯಿಬಿಟ್ಟು ಕೇಳಿ. ಪೈಪ್ ಬಿಚ್ಚಿ, ನಡುವೆ ಟೀ (ಮೂರು ಬಾಯಿಯ ಕವಲು ಪೈಪ್) ಜೋಡಿಸಿ ಅಳೆಯಬೇಕು. ಅರ್ಧ ಗಂಟೆಯ ಕೆಲಸ. ಈ ಕಾರಿನಲ್ಲಿ ಸುಮಾರು 3.5 ಬಾರ್ ಇರಬೇಕು. ಐಡಲ್‌ನಲ್ಲಿ ಸರಿ ಇದ್ದು ರೇಸ್ ಮಾಡಿದಾಗ ಮುಳ್ಳು ಕುಸಿದರೆ ಪಂಪ್ ಬಳಲಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಎಂಜಿನ್ ಆಫ್ ಮಾಡಿದ ಮೇಲೆ ಐದು ನಿಮಿಷವಾದರೂ ಮುಳ್ಳು ಬೀಳದೆ ನಿಲ್ಲಬೇಕು. ಹೊಸ ಪಂಪ್ ಕೊಳ್ಳುವ ಮುನ್ನ ಪಂಪ್ ಕನೆಕ್ಟರ್‌ನಲ್ಲಿ ವೋಲ್ಟೇಜ್ ಕೂಡ ನೋಡಿಸಿ, ಅದೂ ಎಂಜಿನ್ ಓಡುತ್ತಿರುವಾಗ. ಅದು ಬ್ಯಾಟರಿ ವೋಲ್ಟೇಜ್‌ನಿಂದ ಅರ್ಧ ವೋಲ್ಟ್‌ಗಿಂತ ಜಾಸ್ತಿ ಇಳಿದಿದ್ದರೆ ತುಕ್ಕು ಹಿಡಿದ ಅರ್ತಿಂಗ್, ಸುಟ್ಟ ಪಿನ್ ಅಥವಾ ರಿಲೇ ಹುಡುಕಬೇಕು. ಅದನ್ನು ಬಿಟ್ಟು ಪಂಪ್ ಹಾಕಿದರೆ ಹೊಸದೂ ಹಳೆಯದರಂತೆಯೇ ಓಡುತ್ತದೆ.

ಗೇಜ್ ಪರೀಕ್ಷೆಯಲ್ಲಿ ಪಂಪ್ ಸೋತಿತು ಅಂದರೆ ಆಗ ಬದಲಿಸಿ. ಸಾಧ್ಯವಾದರೆ ಮೋಟಾರ್, ಸ್ಟ್ರೇನರ್, ಫಿಲ್ಟರ್ ಎಲ್ಲ ಸೇರಿದ ಇಡೀ ಅಸೆಂಬ್ಲಿ, ಕಂಪನಿ ಬಿಡಿಭಾಗವೇ. ಮೋಟಾರ್ ಮಾತ್ರ ಹಾಕಿಸುವುದು ಅಗ್ಗ, ತಪ್ಪೂ ಅಲ್ಲ. ಆದರೆ ಸ್ಟ್ರೇನರ್, ಫಿಲ್ಟರ್, ಮೇಲ್ಗಡೆಯ ಸೀಲ್ ಹೊಸದೇ ಆಗಿರಲಿ. ಒಳಗಿನ ತುಂಡು ಪೈಪ್ ಬದಲಿಸುವುದಾದರೆ ಪೆಟ್ರೋಲ್‌ನಲ್ಲಿ ಮುಳುಗಿರಲೆಂದೇ ಮಾಡಿದ್ದು ಬೇಕು, ಎಸ್‌ಎಇ ಜೆ30 ಆರ್10 ದರ್ಜೆಯದು. ಬಾನೆಟ್ ಒಳಗೆ ಹಾಕುವ ಸಾಮಾನ್ಯ ಫ್ಯೂಯಲ್ ಪೈಪ್‌ನ ಹೊರಮೈ ಮುಳುಗಿದಲ್ಲಿ ಮೆತ್ತಗಾಗಿ ಒಡೆಯುತ್ತದೆ. ಆಮೇಲೆ ಮೋಟಾರ್ ಸೊಗಸಾಗಿ ಸದ್ದು ಮಾಡುತ್ತಿರುತ್ತದೆ, ಪೆಟ್ರೋಲ್ ಮಾತ್ರ ಎಂಜಿನ್‌ಗೆ ಹೋಗದೆ ಟ್ಯಾಂಕ್‌ಗೇ ವಾಪಸ್.

ಐ10ನಲ್ಲಿ ಟ್ಯಾಂಕ್ ಇಳಿಸಬೇಕಿಲ್ಲ, ಹಿಂದಿನ ಸೀಟ್ ಎತ್ತಿದರೆ ಮುಚ್ಚಳ ಸಿಗುತ್ತದೆ. 35 ಲೀಟರ್ ಟ್ಯಾಂಕ್‌ನಲ್ಲಿ ಎಂಟು ಲೀಟರ್‌ಗಿಂತ ಕಡಿಮೆ ಇದ್ದಾಗ, ಬಯಲಿನಲ್ಲಿ, ಎಲ್ಲ ಬಾಗಿಲು ತೆರೆದು ಮಾಡಬೇಕಾದ ಕೆಲಸ. ಡ್ರೈ ಪೌಡರ್ ಅಗ್ನಿಶಾಮಕ ಪಕ್ಕದಲ್ಲೇ ಇರಲಿ. ವೈರ್ ಎಳೆದು ಹಚ್ಚುವ ಬಲ್ಬ್ ಬೇಡವೇ ಬೇಡ, ಟಾರ್ಚ್ ಸಾಕು. ಮೊದಲು ಪಂಪ್ ಕನೆಕ್ಟರ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ, ಲೈನ್‌ನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲಲಿ. ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪಂಪ್ ಸುತ್ತ ಕೂತ ವರ್ಷಗಳ ಧೂಳನ್ನು ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ತೆಗೆಯದೆ ಬಿಚ್ಚಿದರೆ ಅದೆಲ್ಲ ನೇರ ಟ್ಯಾಂಕ್‌ಗೆ. ಪೈಪ್‌ನ ಪ್ಲಾಸ್ಟಿಕ್ ಲಾಕ್ ಹಳೆಯದಾಗಿ ಬಿರುಸಾಗಿರುತ್ತದೆ. ಬಟ್ಟೆ ಸುತ್ತಿ, ಎರಡೂ ಕಿವಿ ಒತ್ತಿ, ಕೈಯಲ್ಲೇ ಎಳೆಯಿರಿ. ಇಕ್ಕಳ ಹಾಕಿದರೆ ಮುರಿಯುತ್ತದೆ.

ಪಂಪ್ ಅನ್ನು ನೆಟ್ಟಗೆ ಎಳೆಯದೆ ವಾಲಿಸಿ ತೆಗೆಯಬೇಕು. ಪಂಪ್ ಜೊತೆಗಿರುವ, ಪೆಟ್ರೋಲ್ ಮಟ್ಟ ತಿಳಿಸುವ ಫ್ಲೋಟ್‌ನ ತಂತಿ ಬಾಗಿದರೆ ಮೀಟರ್ ಬೋರ್ಡಿನ ಪೆಟ್ರೋಲ್ ಮುಳ್ಳು ಸುಳ್ಳು ಹೇಳತೊಡಗುತ್ತದೆ. ತೆರೆದ ಬಾಯಿಯಿಂದ ಟ್ಯಾಂಕ್ ತಳ ನೋಡಿ: ಕಸ, ನೀರು ಇದ್ದರೆ ಹೊರತೆಗೆಯದೆ ಹೊಸ ಪಂಪ್ ಇಳಿಸಬೇಡಿ. ಹಳೆ ಸೀಲ್ ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಮತ್ತೆ ಅದರ ಜಾಗದಲ್ಲಿ ಕೂರುವುದಿಲ್ಲ.

ಎಲ್ಲ ಜೋಡಿಸಿ ಬ್ಯಾಟರಿ ಕೊಟ್ಟ ಮೇಲೆ ನಾಲ್ಕೈದು ಸಲ ಕೀ ಆನ್-ಆಫ್ ಮಾಡಿ ಪೈಪ್ ಬಾಯಿ ನೋಡಿ, ಒಣಗಿದ್ದರೆ ಸ್ಟಾರ್ಟ್ ಮಾಡಿ. ಇಷ್ಟಕ್ಕೇ ಸೀಟ್ ಕೂರಿಸಿ ಮುಗಿಸಬೇಡಿ. ಮೇಲಿನ ಸೀಲ್ ಸರಿಯಾಗಿ ಕೂತಿಲ್ಲದಿದ್ದರೆ ಕಾಲು ಟ್ಯಾಂಕ್‌ನಲ್ಲಿ ಗೊತ್ತೇ ಆಗುವುದಿಲ್ಲ. ಫುಲ್ ಟ್ಯಾಂಕ್ ಮಾಡಿಸಿ, ನಾಲ್ಕು ತಿರುವಿನಲ್ಲಿ ಓಡಿಸಿ ಬಂದು ಮತ್ತೆ ಸೀಟ್ ಎತ್ತಿ ನೋಡಿ, ಮೂಸಿ.

ಇದೆಲ್ಲ ಹೊರಡುವ ಹಿಂದಿನ ದಿನ ಬೇಡ. ಹೊಸ ಬಿಡಿಭಾಗ ಕೆಡುವುದಿದ್ದರೆ ಮೊದಲ ದಿನಗಳಲ್ಲೇ ಕೆಡುವುದುಂಟು. ಎರಡು ವಾರ ಮೊದಲೇ ಮಾಡಿಸಿ, ಊರೊಳಗೆ ಇನ್ನೂರು ಮುನ್ನೂರು ಕಿ.ಮೀ. ಓಡಿಸಿ. ಮಂಗಳೂರಿನಿಂದ ವಾಪಸ್ ಘಾಟಿ ಹತ್ತುವ ಮುನ್ನ ಅರ್ಧ ಟ್ಯಾಂಕ್ ಇರಲಿ. ಒಂದು ವೇಳೆ ದಾರಿಯಲ್ಲಿ ಪಂಪ್ ಸದ್ದೇ ನಿಂತರೆ ಮೊದಲು ಫ್ಯೂಸ್ ನೋಡಿ. ಅದು ಸರಿ ಇದ್ದರೆ, ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಪಕ್ಕದಿಂದ ಕೈ ಹಾಕಿ ಟ್ಯಾಂಕ್ ತಳಕ್ಕೆ ಅಂಗೈಯಿಂದ ನಾಲ್ಕು ತಟ್ಟಿ. ಸವೆದ ಬ್ರಷ್ ಕೆಲವೊಮ್ಮೆ ಮತ್ತೆ ತಾಗಿ ಹತ್ತಿರದ ಗ್ಯಾರೇಜ್‌ವರೆಗೆ ಓಡಿಸುತ್ತದೆ. ತಳ್ಳಿ ಸ್ಟಾರ್ಟ್ ಮಾಡಲು ಹೋಗಿ ಸುಸ್ತಾಗಬೇಡಿ, ಪೆಟ್ರೋಲೇ ಬರದ ಎಂಜಿನ್ ತಳ್ಳಿದರೂ ಹತ್ತುವುದಿಲ್ಲ.