ವೇದಿಕೆಯ ಮೇಲೆ ವಾಸಿಯಾದವರು ಆಮೇಲೆ ಏನಾದರು?

ಪ್ರಶ್ನೆ: ಅಮೆರಿಕದ ಬೋಧಕರು ಪ್ರಾರ್ಥನೆಯಿಂದಲೇ ಕ್ಯಾನ್ಸರ್ ಗುಣಪಡಿಸುವ ವಿಡಿಯೊಗಳನ್ನು ನೋಡಿ, ನಮ್ಮ ಅತ್ತೆಯವರು ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವ ಮಾತಾಡುತ್ತಿದ್ದಾರೆ. ವಾಸಿಯಾದವರೇ ಎದುರು ನಿಂತು ಹೇಳುತ್ತಿರುವಾಗ ನಿಜವನ್ನು ಪರೀಕ್ಷಿಸುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ವೇದಿಕೆಯ ಮೇಲೆ ಕಂಡದ್ದನ್ನು ಬದಿಗಿಟ್ಟು, ಆ ರೋಗಿ ಮನೆಗೆ ಹೋದ ಮೇಲೆ ಏನಾದನೆಂದು ವಿಚಾರಿಸಬೇಕು. ಮಿನ್ನೆಸೋಟಾದ ಶಸ್ತ್ರವೈದ್ಯ ವಿಲಿಯಂ ನೋಲೆನ್ ಮಾಡಿದ್ದು ಇದನ್ನೇ. ಪ್ರಸಿದ್ಧ ಬೋಧಕಿ ಕ್ಯಾಥರಿನ್ ಕುಲ್ಮನ್ ಅವರ ಸಭೆಯಲ್ಲಿ ಗುಣವಾಯಿತೆಂದು ಹೇಳಿಕೊಂಡ 23 ಮಂದಿಯ ಸ್ಥಿತಿಯನ್ನು ಅವರು ಬಹುಕಾಲ ಗಮನಿಸಿದರು. 1974ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಒಬ್ಬರ ಕಾಯಿಲೆಯೂ ವಾಸಿಯಾಗಿರಲಿಲ್ಲವೆಂದು ಬರೆದರು. ಬೆನ್ನುಮೂಳೆಯ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರು ಬೋಧಕಿಯ ಮಾತಿನಂತೆ ಬೆನ್ನಿನ ಆಧಾರಪಟ್ಟಿಯನ್ನು ಬಿಸುಟು ವೇದಿಕೆಯ ಮೇಲೆ ಓಡಿದ್ದರು. ಮರುದಿನವೇ ಅವರ ಬೆನ್ನುಮೂಳೆ ಕುಸಿಯಿತು, ನಾಲ್ಕು ತಿಂಗಳಲ್ಲಿ ಅವರು ತೀರಿಕೊಂಡರು. ಓಡಿದ ಆ ಗಳಿಗೆಯಲ್ಲಿ ಆಕೆ ಸುಳ್ಳು ಹೇಳುತ್ತಿರಲಿಲ್ಲ. ಭಾವೋದ್ವೇಗದಲ್ಲಿ ನೋವು ಕೆಲಹೊತ್ತು ತಿಳಿಯದಿರುವುದುಂಟು. ಕುಲ್ಮನ್ ಕೂಡ ಪ್ರಾಮಾಣಿಕರೆಂದೇ ನೋಲೆನ್ ನಂಬಿದ್ದರು, ಮತ್ತು ನನಗೆ ಬಹಳ ಕಳವಳ ತರುವ ಸಂಗತಿ ಇದೇ: ಯಾರೂ ಮೋಸ ಮಾಡದೆಯೂ ಇಂಥ ಅನಾಹುತ ನಡೆಯಬಲ್ಲದು.

ಮೋಸವೂ ಇದೆ. ಪೀಟರ್ ಪೊಪಾಫ್ ಎಂಬ ಬೋಧಕ ಭಕ್ತರ ಹೆಸರು, ಕಾಯಿಲೆಗಳನ್ನು ದೈವಪ್ರೇರಣೆಯಿಂದ ತಿಳಿಯುತ್ತೇನೆನ್ನುತ್ತಿದ್ದರು. ಅವರ ಹೆಂಡತಿ ರೇಡಿಯೊ ಮೂಲಕ ಅವರ ಕಿವಿಯೊಳಗಿನ ಪುಟ್ಟ ಸಾಧನಕ್ಕೆ ಆ ವಿವರಗಳನ್ನು ಹೇಳುತ್ತಿದ್ದುದನ್ನು, 1986ರಲ್ಲಿ ಇಂಥ ಹೇಳಿಕೆಗಳನ್ನು ಪರೀಕ್ಷಿಸುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ತಂಡ ಧ್ವನಿಮುದ್ರಿಸಿ ಟಿ.ವಿ.ಯಲ್ಲಿ ಕೇಳಿಸಿತು.

ಹೀಗೆ ಪರೀಕ್ಷಿಸುವುದು ದೇವನಿಂದೆಯಲ್ಲ. ಫ್ರಾನ್ಸಿನ ಲೂರ್ದ್ ಯಾತ್ರಾಸ್ಥಳದಲ್ಲಿ ವಾಸಿಯಾಯಿತೆಂಬ ಹೇಳಿಕೆಗಳನ್ನು ಪರೀಕ್ಷಿಸಲು 1883ರಿಂದ ವೈದ್ಯಕೀಯ ಕಚೇರಿಯೇ ಇದೆ. ಅಲ್ಲಿ ದಾಖಲಾದ ಸಾವಿರಾರು ಹೇಳಿಕೆಗಳಲ್ಲಿ ಚರ್ಚು ಪವಾಡವೆಂದು ಒಪ್ಪಿರುವುದು ಎಪ್ಪತ್ತರ ಆಸುಪಾಸಿನಷ್ಟನ್ನು ಮಾತ್ರ.

ಆದ್ದರಿಂದ ಆ ವಿಡಿಯೊಗಳನ್ನು ನೋಡುವಾಗ, ಕಾಯಿಲೆ ಇತ್ತೆನ್ನಲು ಮೊದಲಿನ ಬಯಾಪ್ಸಿ ಅಥವಾ ಸ್ಕ್ಯಾನ್ ವರದಿ ಇದೆಯೇ, ಜೊತೆಗೆ ಬೇರೆ ಚಿಕಿತ್ಸೆ ನಡೆದಿತ್ತೇ, ವರ್ಷ ಕಳೆದ ಮೇಲಿನ ವರದಿ ಏನೆನ್ನುತ್ತದೆ ಎಂದು ಅತ್ತೆಯವರ ಜೊತೆಯಲ್ಲೇ ಕುಳಿತು ಕೇಳಿಕೊಳ್ಳಿ. ಅವರ ಪ್ರಾರ್ಥನೆಗೆ ಅಡ್ಡಿ ಮಾಡಬೇಡಿ. ಆದರೆ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳುವವರೆಗೆ ಒಂದು ಹೊತ್ತಿನ ಮಾತ್ರೆಯೂ ತಪ್ಪದಂತೆ ದಯವಿಟ್ಟು ನೋಡಿಕೊಳ್ಳಿ.