ಪಂಪ್‌ಸೆಟ್ ವೋಲ್ಟೇಜನ್ನು ಆರ್ಡುಯಿನೊದಲ್ಲಿ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್) ಅಳೆಯಬೇಕು. ಎಸಿ ಸಿಗ್ನಲ್ ಸೊನ್ನೆಗಿಂತ ಕೆಳಗಿಳಿಯದಂತೆ ಮೇಲೆತ್ತಲು ಡಯೋಡ್ ಕ್ಲ್ಯಾಂಪರ್ (ಕೆಪಾಸಿಟರ್, ಡಯೋಡ್‌ಗಳಿಂದ ಅಲೆಯನ್ನು ಸರಿಸುವ ಸರ್ಕ್ಯೂಟ್) ಸಾಕೇ?

ಸಾಲದು. ಕ್ಲ್ಯಾಂಪರ್ ಹಿಡಿದಿಡುವುದು ಅಲೆಯ ತುದಿಯನ್ನು, ನಡುಮಟ್ಟವನ್ನಲ್ಲ. ತೀರ್ಥಹಳ್ಳಿ ಕಡೆಯ ತೋಟದ ಲೈನಿನಲ್ಲಿ ವೋಲ್ಟೇಜ್ ಏರಿಳಿದಂತೆಲ್ಲ ಡಿಸಿ ಮಟ್ಟವೂ ಕುಣಿಯುತ್ತದೆ. ಸಾಲದ್ದಕ್ಕೆ ಸಿಲಿಕಾನ್ ಡಯೋಡ್ ಅಲೆಯನ್ನು ಸೊನ್ನೆಗಿಂತ ಸುಮಾರು 0.6 ವೋಲ್ಟ್ ಕೆಳಕ್ಕೆ ಬಿಡುತ್ತದೆ. ಆರ್ಡುಯಿನೊ ಊನೊ ಬೋರ್ಡಿನ ಚಿಪ್‌ನ ಪಿನ್ ತಾಳುವ ಮಿತಿ –0.5 ವೋಲ್ಟ್.

ಬಯಾಸ್, ಅಂದರೆ ಅಲೆಗೆ ಸ್ಥಿರವಾದ ಡಿಸಿ ನಡುಮಟ್ಟ, ಕೊಡಿ. 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಸರಣಿಯಲ್ಲಿ ಎರಡು 10 ಕೆ (ಕಿಲೋಓಮ್) ರೆಸಿಸ್ಟರ್. ನಡುಬಿಂದುವಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಅಲ್ಲಿ 2.5 ವೋಲ್ಟ್ ನಿಲ್ಲುತ್ತದೆ. 9 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ ಒಂದು ತುದಿ ಈ ಬಿಂದುವಿಗೆ, ಇನ್ನೊಂದು 100 ಕೆ ಮೂಲಕ ಬೋರ್ಡಿನ ಅನಲಾಗ್ ಇನ್‌ಪುಟ್ ಎ0 ಪಿನ್ನಿಗೆ. ಎ0ಯಿಂದ ನಡುಬಿಂದುವಿಗೆ 10 ಕೆ. ಸೆಕೆಂಡರಿಯನ್ನು ಬೇರೆಲ್ಲೂ ಗ್ರೌಂಡ್ ಮಾಡಬೇಡಿ, ಬಯಾಸ್ ಸತ್ತೇಹೋಗುತ್ತದೆ. ಲೋಡ್ ಇಲ್ಲದಾಗ ಅದೇ ಟ್ರಾನ್ಸ್‌ಫಾರ್ಮರ್ 12 ವೋಲ್ಟ್ ಕೊಡುವುದೂ ಉಂಟು, ಅಂದರೆ ಪೀಕ್ 17. 100 ಕೆ, 10 ಕೆ ಜೋಡಿ ಅದನ್ನು 11ರಿಂದ ಭಾಗಿಸಿದರೆ ±1.5. ಪಿನ್ ಕಾಣುವುದು 1ರಿಂದ 4 ವೋಲ್ಟ್.

ಕರೆಂಟ್ ಉಳಿಸಲೆಂದು ಬಯಾಸ್‌ಗೆ 1 ಮೆಗ್‌ಓಮ್ ಹಾಕುವವರಿದ್ದಾರೆ. ಮಲೆನಾಡಿನ ಮಳೆಗಾಲಕ್ಕೆ ಅದು ಆಗಿಬರುವುದಿಲ್ಲ: ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು) ತೇವ ಹೀರಿ ಲೀಕೇಜ್ ಶುರುವಾದರೆ ನಡುಮಟ್ಟ ಜಾರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಒಣಗಿಸಿ, ವಾರ್ನಿಷ್ ಬಳಿಯಿರಿ. ಕೋಡ್‌ನಲ್ಲೂ ನಡುಮಟ್ಟ 512 (ಎ0 ಓದುವ 0–1023ರ ಅರ್ಧ) ಎಂದು ನಂಬಿ ಕೂರದೆ, ಪೂರ್ತಿ ಸೈಕಲ್‌ಗಳ ಸರಾಸರಿ ತೆಗೆದು ಪ್ರತಿ ರೀಡಿಂಗ್‌ನಿಂದ ಕಳೆಯಿರಿ.