ಒಣಗಿದ ಹಕ್ಕಿ ಹಿಕ್ಕೆಗೆ ವಿನೆಗರ್ ಬೇಡ, ಸೀಮೆಎಣ್ಣೆಯೂ ಬೇಡ

ಬಾನೆಟ್ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಕೂತಿದೆ, ಉಜ್ಜಿದರೂ ಹೋಗುತ್ತಿಲ್ಲ, ವಿನೆಗರ್ ಹಾಕಲೋ ಸೀಮೆಎಣ್ಣೆ ಹಾಕಲೋ, ಕವರ್ ತಗೊಳ್ಳಲೋ ಅಂತ ಕೇಳಿದ್ದೀರಿ. ಮೊದಲು ಉಜ್ಜೋದನ್ನು ನಿಲ್ಲಿಸಿ. ಮಿಕ್ಕಿದ್ದು ಆಮೇಲೆ.

ನನ್ನದು ಪಾರಿವಾಳದ ಕಥೆಯಲ್ಲ, ಹೆಜ್ಜಾರ್ಲೆಯದು, ಅಂದರೆ ಪೆಲಿಕನ್ ಹಕ್ಕಿಯದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ, ಮನೆಗಳ ನೆತ್ತಿಯ ಮೇಲೆಯೇ ಗೂಡು ಕಟ್ಟುತ್ತವೆ. ಬೇಸಿಗೆ ಶುರುವಾಗಿತ್ತು. ಕಾರು ಹೊಸದು, ಕಡುನೀಲಿ ಬಣ್ಣ. ಬಿಸಿಲಿಗೆ ಹೆದರಿ ಹುಣಸೆ ಮರದ ನೆರಳಿಗೆ ನಿಲ್ಲಿಸಿದೆ. "ಅಲ್ ನಿಲ್ಲಿಸ್‌ಬ್ಯಾಡಿ ಸಾ" ಅಂತ ಒಬ್ಬ ಅಜ್ಜ ಕೂಗಿದರು. ಪಾರ್ಕಿಂಗ್ ದುಡ್ಡು ಕೇಳೋಕೆ ಬಂದಿರಬೇಕು ಅಂದುಕೊಂಡು ಕೈ ಬೀಸಿ ಹೊರಟೆ.

ವಾಪಸ್ ಬಂದಾಗ ಕಾರಿಗೆ ಯಾರೋ ಸುಣ್ಣ ಎರಚಿದ ಹಾಗಿತ್ತು. ಅಜ್ಜ ಅಲ್ಲೇ ಕೂತಿದ್ದರು. "ನಮ್ಗೆ ಗೊಬ್ರ ಸಾ, ನಿಮ್ಗೆ ತಾಪತ್ರಯ" ಅಂದರು. ತಮಾಷೆಯಲ್ಲ, ಆ ಊರಿನವರು ಮರದ ಕೆಳಗೆ ಬಿದ್ದಿದ್ದನ್ನು ನಿಜವಾಗಿಯೂ ಹೊಲಕ್ಕೆ ಹಾಕುತ್ತಾರೆ.

ಮೈಸೂರಿಗೆ ಹೊರಟವರು ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದೆವು. ಅಷ್ಟರಲ್ಲಿ ಎಲ್ಲಾ ಒಣಗಿ ಗಟ್ಟಿಯಾಗಿತ್ತು. ಅಂಗಡಿಯಿಂದ ತಣ್ಣನೆ ನೀರಿನ ಬಾಟಲಿ ತಂದು ಕಾದ ಬಾನೆಟ್ ಮೇಲೆ ಸುರಿದೆ. ಡಿಕ್ಕಿಯಲ್ಲಿದ್ದ ಹಳದಿ ಬಟ್ಟೆ ತೆಗೆದು ಗುಂಡಗೆ ತಿಕ್ಕಿದೆ. ಹೋಯಿತು! ಖುಷಿಯಲ್ಲಿ ಇನ್ನೊಂದು ವಡೆ ತಿಂದೆ. ಮಾರನೇ ದಿನ ಎಳೆ ಬಿಸಿಲು ಅಡ್ಡ ಬಿದ್ದಾಗ ಬಾನೆಟ್ ತುಂಬಾ ಸಣ್ಣ ಸಣ್ಣ ಸುತ್ತುಗೀರು.

ತಪ್ಪಿದ್ದೆಲ್ಲಿ ಅಂತ ಆಮೇಲೆ ಬೇಕಾದಷ್ಟು ಓದಿದೆ, ವಿಚಾರಿಸಿದೆ. ಮರದ ಕೆಳಗೆ ನಿಲ್ಲಿಸಿದ್ದು ದಡ್ಡತನ, ಸರಿ. ಆದರೆ ಗೀರು ಬಿದ್ದಿದ್ದು ಅದರಿಂದಲ್ಲ. ನೀರು ಸುರಿದ ತಕ್ಷಣ ಬಟ್ಟೆ ಹಾಕಿದ್ದರಿಂದ. ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಮ್ಲ. ಅದು ನೀರಿನಲ್ಲಿ ಕರಗೋದು ತೀರಾ ಕಡಿಮೆ. ಮೇಲೆ ನೀರು ಬಿದ್ದರೆ ಹೊರಗಿನ ಪದರ ಒದ್ದೆಯಾಗುತ್ತದೆ, ಒಳಗೆ ಒಣಗಿಯೇ ಇರುತ್ತದೆ. ಆಗ ತಿಕ್ಕಿದರೆ ಪುಡಿಯಾಗಿ ಬಟ್ಟೆಯ ಅಡಿ ಸಿಕ್ಕಿಕೊಳ್ಳುತ್ತದೆ. ಅದರ ಜೊತೆ ರಸ್ತೆಯ ಧೂಳು. ಅದರ ಮೇಲೆ ಆ ಹಳದಿ ಬಟ್ಟೆಯಲ್ಲಿ ಮೊದಲೇ ಇದ್ದ ಧೂಳು. ಗುಂಡಗೆ ತಿಕ್ಕಿದ್ದರಿಂದ ಗೀರೂ ಗುಂಡಗೆ, ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ. ಬಣ್ಣದ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ, ಸಾಮಾನ್ಯವಾಗಿ 40-50 ಮೈಕ್ರಾನ್ ಅಷ್ಟೇ, ಒಂದು ತಲೆಕೂದಲಿಗಿಂತ ತೆಳು. ನಿಮ್ಮದು ಪಾರಿವಾಳ ಅಲ್ವಾ, ಇನ್ನೂ ಕಷ್ಟ. ಕಾಳು ಅರೆಯಲು ಅದು ಸಣ್ಣ ಕಲ್ಲು ನುಂಗುತ್ತದೆ, ಅದರ ಚೂರು ಹಿಕ್ಕೆಯಲ್ಲೂ ಬರಬಹುದು.

ಗೀರಿನ ಜೊತೆ ರೂಫ್ ಮೇಲೆ ಒಂದು ಮಂಕು ಕಲೆಯೂ ಉಳಿದಿತ್ತು. ಅದಕ್ಕೆ ಎಲ್ಲರೂ ಆಮ್ಲವನ್ನೇ ಬೈಯುತ್ತಾರೆ. ಅದರ ಪಾಲೂ ಇದೆ, ಆದರೆ ಬಿಸಿಲಿನದು ಕಡಿಮೆಯೇನಲ್ಲ. ಕಾದಾಗ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ. ಮೇಲಿನ ಹಿಕ್ಕೆ ಗಟ್ಟಿಯಾಗುತ್ತದೆ. ಸಂಜೆ ತಣ್ಣಗಾಗಿ ಕುಗ್ಗುವಾಗ ಕೋಟ್ ಆ ಹಿಕ್ಕೆಯ ಉಬ್ಬುತಗ್ಗನ್ನೇ ಅಚ್ಚು ಹಿಡಿಯುತ್ತದೆ. ಕಡು ಬಣ್ಣದ ಕಾರು ಜಾಸ್ತಿ ಕಾಯುವುದರಿಂದ ಅದಕ್ಕೆ ಜಾಸ್ತಿ ಪೆಟ್ಟು. ಹಾಗಾಗಿ ಭಾನುವಾರ ತೊಳೆದರಾಯಿತು ಅಂತ ಬಿಡಬೇಡಿ.

ನೀವು ಮಾಡಬೇಕಾದ್ದು ಇಷ್ಟೇ. ಕಾರನ್ನು ನೆರಳಿಗೆ ತನ್ನಿ, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಉಗುರುಬೆಚ್ಚಗಿನ ನೀರಿಗೆ ಒಂಚೂರು ಕಾರ್ ಶಾಂಪೂ ಹಾಕಿ. ದಪ್ಪ ಮೈಕ್ರೋಫೈಬರ್ ಬಟ್ಟೆ ಅದ್ದಿ, ಹಿಂಡದೆ, ಹಿಕ್ಕೆಯ ಮೇಲೆ ಹಾಸಿ. ಶುದ್ಧವಾದ ಹಳೇ ಬನಿಯನ್ ಆದರೂ ನಡೆಯುತ್ತದೆ. ಹತ್ತು ಹದಿನೈದು ನಿಮಿಷ ಆ ಕಡೆ ಹೋಗಿ ಕಾಫಿ ಕುಡಿಯಿರಿ. ಬಟ್ಟೆ ಒಣಗುತ್ತಿದ್ದರೆ ಮತ್ತೆ ನೀರು ಹಾಕಿ. ಆಮೇಲೆ ಒರೆಸಬೇಡಿ, ಚಿವುಟಿದ ಹಾಗೆ ಮೇಲಕ್ಕೆ ಎತ್ತಿ. ಬಟ್ಟೆಯ ಮಡಿಕೆ ಬದಲಿಸಿ ಇನ್ನೊಮ್ಮೆ. ಚೂರು ಉಳಿದಿದ್ದರೆ ಮತ್ತೆ ನೆನೆಸಿ, ಉಗುರು ಹಾಕಬೇಡಿ. ಒಣಗಿದ್ದನ್ನು ಕೆರೆದರೆ ಪುಡಿ ಮೂಗಿಗೂ ಹೋಗುತ್ತದೆ, ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಲ್ಲಾ ಹೋದ ಮೇಲೆ ಆ ಭಾಗ ತೊಳೆದು ವ್ಯಾಕ್ಸ್ ಹಚ್ಚಿ.

ವಿನೆಗರ್ ಸುಮ್ನೆ ದಂಡ. ಅದೂ ಹುಳಿಯೇ, ಯೂರಿಕ್ ಆಮ್ಲ ಹುಳಿಯಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಸೀಮೆಎಣ್ಣೆ ಡಾಂಬರಿಗಾದರೆ ಸರಿ, ಇದಕ್ಕೆ ಏನೂ ಮಾಡಲ್ಲ, ಇದ್ದ ವ್ಯಾಕ್ಸನ್ನೂ ತೆಗೆಯುತ್ತದೆ. ಪಾತ್ರೆ ಸೋಪು, ಸ್ಕ್ರಬ್ಬರ್ ಅಡುಗೆಮನೆಯಲ್ಲೇ ಇರಲಿ.

ಹಿಕ್ಕೆ ಹೋದ ಮೇಲೂ ಮಂಕು ಕಂಡರೆ ಅದು ಕೊಳೆಯಲ್ಲ, ತೊಳೆದರೆ ಹೋಗಲ್ಲ. ಡೀಟೇಲಿಂಗ್ ಅಂಗಡಿಗೆ ಹೋಗಿ, ಕೋಟ್ ಎಷ್ಟು ದಪ್ಪ ಉಳಿದಿದೆ ಅಂತ ಮೀಟರ್ ಇಟ್ಟು ನೋಡಿದ ಮೇಲೆಯೇ ಪಾಲಿಶ್ ಮಾಡಿಸಿ. ಪಾಲಿಶ್ ಅಂದರೆ ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೂ ಸವೆಸುವುದು. ನನ್ನ ಬಾನೆಟ್ ಬಹುಪಾಲು ಸರಿಹೋಯಿತು. ರೂಫ್ ಕಲೆ ಆಳವಿತ್ತು, ಹಾಗೇ ಬಿಟ್ಟಿದ್ದೇನೆ.

ಕವರ್ ವಿಷಯ. ನನಗೆ ಇಷ್ಟವಿಲ್ಲ. ಧೂಳು ಕೂತ ಕಾರಿಗೆ ಕವರ್ ಹೊದಿಸಿದರೆ ಗಾಳಿಗೆ ಅದೇ ಉಜ್ಜುತ್ತಾ ಕೂರುತ್ತದೆ. ದಿನಾ ಒಂದೇ ಜಾಗದಲ್ಲಿ ಬೀಳುತ್ತಿದೆ ಅಂದರೆ ಮೇಲೆ ಯಾವುದೋ ಸಜ್ಜದ ಮೇಲೆ ಪಾರಿವಾಳ ಕೂರುತ್ತಿದೆ. ತಲೆ ಎತ್ತಿ ನೋಡಿ, ಆ ಮನೆಯವರಿಗೆ ಬಲೆ ಕಟ್ಟಿಸಲು ಹೇಳಿ. ಒಪ್ಪದಿದ್ದರೆ ಕಾರನ್ನೇ ಒಂದು ಮಾರು ಪಕ್ಕಕ್ಕೆ ನಿಲ್ಲಿಸಿ.